ಆಮೆ ಕಂಡವರನ್ನೂ ಸಮ್ಮೇಳನಕ್ಕೆ ಕರೆಯಿರಿ

ನಮ್ಮ ಕಾಸರಗೋಡಿನ ಗಿಡ, ಹಕ್ಕಿ, ಹೊಳೆಗಳ ಬಗ್ಗೆ ಸಮ್ಮೇಳನ ನಡೆದಾಗಲೆಲ್ಲ ನನ್ನದೊಂದು ತಕರಾರು ಇದ್ದೇ ಇರುತ್ತದೆ. ವೇದಿಕೆಯಲ್ಲಿ ಇಂಗ್ಲಿಷ್, ಊಟದ ಹೊತ್ತಿಗೆ ಮಲಯಾಳ. ಅಧ್ಯಯನ ನಡೆದದ್ದು ಕನ್ನಡ, ತುಳು ಮಾತಾಡುವವರ ತೋಟದಲ್ಲಾದರೂ ಅವರು ಮಾತ್ರ ಅಲ್ಲಿರುವುದಿಲ್ಲ. ಕರೆದಿದ್ದರೆ ಬರುತ್ತಿದ್ದರೋ ಇಲ್ಲವೋ, ಕರೆದದ್ದನ್ನಂತೂ ನಾನು ಕಂಡಿಲ್ಲ.

ಚಂದ್ರಗಿರಿ ಹೊಳೆಯ ಆ ದೊಡ್ಡ ಆಮೆಯನ್ನೇ ನೋಡಿ. ಪುಸ್ತಕದಲ್ಲಿ ಅದು ಕ್ಯಾಂಟರ್ಸ್ ಆಮೆ. ಚಿಪ್ಪು ಮೆದು, ಉದ್ದ ಒಂದು ಮೀಟರಿನವರೆಗೂ ಹೋಗುತ್ತದೆ. ಅಷ್ಟು ದೊಡ್ಡದಾದರೂ ಕಣ್ಣಿಗೆ ಬೀಳುವುದು ಅಪರೂಪ. ದಿನದ ಹೆಚ್ಚು ಹೊತ್ತು ನೀರಿನಡಿಯ ಹೊಯ್ಗೆಯಲ್ಲಿ (ಮರಳಿನಲ್ಲಿ) ಹೂತುಕೊಂಡೇ ಇರುತ್ತದೆ. ಪೇಟೆಯಿಂದ ಬಂದು ದಡದಲ್ಲಿ ಸುಮ್ನೆ ನಿಂತರೆ ಏನು ಕಂಡೀತು? ಸಂಶೋಧಕರು ಹೊಳೆಬದಿಯವರನ್ನೇ ಮಾತಾಡಿಸಿದರು. ಅವರು ಕೊಟ್ಟ ಸುಳಿವಿನಿಂದಲೇ ಅದು ಇಲ್ಲಿ ಮೊಟ್ಟೆ ಇಡುವುದು ದಾಖಲಾಯಿತು. ನೀರು ನುಗ್ಗಿದ ಗೂಡಿನಿಂದ ಮೊಟ್ಟೆ ಎತ್ತಿ, ಮರಿಯಾದ ಮೇಲೆ ಹೊಳೆಗೆ ಬಿಟ್ಟದ್ದೂ ಆಯಿತು. ಜಿಲ್ಲಾ ಪಂಚಾಯತು 2023ರಲ್ಲಿ ಇದನ್ನೇ ಜಿಲ್ಲೆಯ ಜೀವಿ ಅಂತ ಘೋಷಿಸಿತು.

ಆಗಲೇ ಆರಿಸಿದ ಜಿಲ್ಲೆಯ ಹೂವೂ ಹಾಗೆಯೇ. ಪೆರಿಯ ಊರಿನ ತೊರೆಯಲ್ಲಿ ಬಿಳಿಯಾಗಿ ಅರಳುವ ಆ ಗಿಡವನ್ನು ಊರವರು ದಿನಾ ದಾಟಿ ಹೋಗುತ್ತಿದ್ದರು. ಹೊಸ ಜಾತಿ ಅಂತ ವಿಜ್ಞಾನದ ಪಟ್ಟಿಗೆ ಸೇರಿದ್ದು 2012ರಲ್ಲಿ.

"ನಾವು ಬರೆದಿಟ್ಟದ್ದೆಲ್ಲ ಸಂಶೋಧನೆಯಾ?" ಅಂತ ನಮ್ಮ ಮಾಷ್ಟ್ರುಗಳು, ಕೃಷಿಕರು ಹಿಂಜರಿಯುತ್ತಾರೆ. ಎಂಡೋಸಲ್ಫಾನ್ ಕೀಟನಾಶಕದ ಕಥೆ ಶುರುವಾದದ್ದು ಎಲ್ಲಿಂದ? ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿಯುತ್ತಿದ್ದ ಕಾಲದಲ್ಲಿ, ಊನವಾಗಿ ಹುಟ್ಟಿದ ಕರುಗಳ ಬಗ್ಗೆ ಮೊದಲು ಬರೆದವರು ಪಡ್ರೆಯ ಕೃಷಿಕ, ಪತ್ರಕರ್ತ ಶ್ರೀಪಡ್ರೆ. ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ನಿಷೇಧ ಹಾಕಿದ್ದು 2011ರಲ್ಲಿ. ನಡುವೆ ಹೋದ ವರ್ಷಗಳಲ್ಲಿ ಎಷ್ಟು ಮನೆಗಳು ನರಳಿದವು ಅಂತ ಪಡ್ರೆ ಇರುವ ಎಣ್ಮಕಜೆ ಪಂಚಾಯತಿನವರಿಗೆ ನಾನು ಹೇಳಬೇಕಾಗಿಲ್ಲ.

ಹಾಗಾಗಿ ಬರೆಯಿರಿ. ಮುರಕಲ್ಲಿನ ಪದವಿನಲ್ಲಿ (ಜಂಬಿಟ್ಟಿಗೆ ಕಲ್ಲಿನ ಬಯಲಿನಲ್ಲಿ) ಮಳೆ ಬಿದ್ದ ಮೇಲೆ ಯಾವ ಹೂ ಯಾವಾಗ ಬಂತು, ನೀರಿಗಾಗಿ ಗುಡ್ಡಕ್ಕೆ ಕೊರೆದ ಯಾವ ಸುರಂಗದ ನೀರು ಯಾವ ತಿಂಗಳಿಗೆ ಬತ್ತಿತು, ತಾರೀಕು ಹಾಕಿ ಬರೆದಿಡಿ. ಬೇಸಿಗೆಯಲ್ಲಿ ನೋಡಿದವನಿಗೆ ಪದವು ಬರೀ ಬೋಳು ಜಾಗ. ಅಂಥವನು ಕಲ್ಲು ಕಡಿಯಲು ಬಂದಾಗ ತೋರಿಸಲಿಕ್ಕೆ ನಮ್ಮ ಕೈಯಲ್ಲಿ ಏನಾದರೂ ಬೇಕಲ್ವಾ? (ಆಮೆಯ ಗೂಡಿನ ಜಾಗ ಮಾತ್ರ ಫೇಸ್‌ಬುಕ್‌ಗೆ ಹಾಕಬೇಡಿ, ಸಮ್ಮೇಳನದ ಪರದೆಯಲ್ಲೂ ತೋರಿಸಬೇಡಿ. ಲೈಕಿಗಿಂತ ಮೊಟ್ಟೆ ಮುಖ್ಯ.)

ಸಂಘಟಕರಿಗೂ ಒಂದು ಮಾತು. ಪ್ರಬಂಧದ ಸಾರಾಂಶ ಇಂಗ್ಲಿಷಿನಲ್ಲೇ ಬೇಕು ಅನ್ನುವ ನಿಯಮ ಸ್ವಲ್ಪ ಸಡಿಲ ಮಾಡಿ. ಒಂದು ಗೋಷ್ಠಿಯನ್ನಾದರೂ ಅಡೂರಿನಂಥ ಊರಲ್ಲಿ, ಕನ್ನಡದಲ್ಲೇ ಇಡಿ. ಸುಳ್ಯದವರನ್ನೂ ಕರೆಯಿರಿ. ಚಂದ್ರಗಿರಿಗೆ ಸೇರುವ ಪಯಸ್ವಿನಿ ಹೊಳೆ ಅಲ್ಲಿಂದಲೇ ಇಳಿದು ಬರುವುದು. ಮೇಲೆ ಹೊಯ್ಗೆ ತೆಗೆದರೂ ನೀರು ತಡೆದರೂ ಪೆಟ್ಟು ಬೀಳುವುದು ಕೆಳಗಿನವರಿಗೆ. ಎಸಿ ಹಾಲ್ ಬೇಡ, ಶಾಲೆಯ ಜಗಲಿ ಸಾಕು. ಅಡಿಕೆ ಕೊಯ್ಲಿನ ಸಮಯ ಮಾತ್ರ ಬಿಟ್ಟು ದಿನ ಗೊತ್ತುಮಾಡಿ, ಇಲ್ಲದಿದ್ದರೆ ಕುರ್ಚಿಗಳಿಗೇ ಭಾಷಣ ಮಾಡಬೇಕಾದೀತು.