ಪೌರನೀತಿಗೆ ಪಟ್ಟಿ ಸಾಲದು, ವಾದ ಬೇಕು

ನಮ್ಮ ಕಾಲದಲ್ಲಿ ಪೌರನೀತಿ ಅಂದರೆ ಬರೀ ಪಟ್ಟಿ. ಮೂಲಭೂತ ಹಕ್ಕುಗಳು ಆರು. ರಾಷ್ಟ್ರಪತಿಯ ಅಧಿಕಾರಗಳು ಇಂತಿಷ್ಟು. ಲೋಕಸಭೆಗೂ ರಾಜ್ಯಸಭೆಗೂ ಇರುವ ವ್ಯತ್ಯಾಸ ತಿಳಿಸಿ. ಬಾಯಿಪಾಠ ಮಾಡಿ ಬರೆದರೆ ಪೂರ್ತಿ ಅಂಕ. ಈಗ ನ್ಯೂಜೆರ್ಸಿಯಲ್ಲಿ ಹನ್ನೊಂದನೇ ತರಗತಿ ಓದುತ್ತಿರುವ ನನ್ನ ಮಗಳು ಎಪಿ ಗವರ್ನಮೆಂಟ್ ಕೋರ್ಸನ್ನು ಆನ್‌ಲೈನ್‌ನಲ್ಲಿ ತೆಗೆದುಕೊಂಡಿದ್ದಾಳೆ. ಅಮೆರಿಕದ ಸರ್ಕಾರ, ರಾಜಕೀಯದ ಬಗ್ಗೆ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ. ಅದನ್ನು ನೋಡುತ್ತಾ ಬಂದ ಮೇಲೆ, ನಮ್ಮೂರಿನಲ್ಲೂ ಹೀಗೇ ಕಲಿಸಬೇಕಿತ್ತು ಅನಿಸಿದೆ.

ಈ ಕೋರ್ಸಿನಲ್ಲಿ ಕಡ್ಡಾಯವಾಗಿ ಓದಲೇಬೇಕಾದ 9 ಮೂಲ ದಾಖಲೆಗಳಿವೆ. ಸಂವಿಧಾನ ಇದೆ, ಮಾರ್ಟಿನ್ ಲೂಥರ್ ಕಿಂಗ್ 1963ರಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರವೂ ಇದೆ. ನನಗೆ ತುಂಬಾ ಹಿಡಿಸಿದ್ದು, ಹೊಸ ಸಂವಿಧಾನವನ್ನು ಒಪ್ಪಬೇಕೋ ಬೇಡವೋ ಅನ್ನುವ ಚರ್ಚೆಯಲ್ಲಿ 1787ರಲ್ಲಿ ಬಂದ ಎರಡು ಬರಹಗಳ ಜೋಡಿ. ದೇಶ ದೊಡ್ಡದಾದಷ್ಟೂ ಯಾವುದೋ ಒಂದು ಗುಂಪು ಎಲ್ಲರ ಮೇಲೆ ಸವಾರಿ ಮಾಡುವುದು ಕಷ್ಟ ಅಂತ, ಆ ಸಂವಿಧಾನ ರೂಪಿಸಿದವರಲ್ಲಿ ಒಬ್ಬರಾದ ಮ್ಯಾಡಿಸನ್ ಬರೆಯುತ್ತಾರೆ. ಇಷ್ಟು ದೊಡ್ಡ ದೇಶವನ್ನು ಒಂದೇ ಸರ್ಕಾರದ ಕೈಗೆ ಕೊಟ್ಟರೆ ಜನರ ಸ್ವಾತಂತ್ರ್ಯ ಉಳಿಯುವುದಿಲ್ಲ ಅನ್ನುತ್ತಾರೆ ‘ಬ್ರೂಟಸ್’ ಅನ್ನುವ ಹೆಸರಿನಲ್ಲಿ ಬರೆದವರು. ಗೆದ್ದಿದ್ದು ಮ್ಯಾಡಿಸನ್ ಪಕ್ಷ. ಆದರೂ ಸೋತವರ ಬರಹವನ್ನು ಮಕ್ಕಳು ಅಷ್ಟೇ ಗಮನವಿಟ್ಟು ಓದಬೇಕು.

ಪರೀಕ್ಷೆ ಮೇ ತಿಂಗಳಲ್ಲಿ, 3 ಗಂಟೆ. 55 ಬಹು ಆಯ್ಕೆ ಪ್ರಶ್ನೆಗಳು, ಬರೆಯುವುದಕ್ಕೆ 4. ಬರೆಯುವ ಪ್ರಶ್ನೆಗಳಲ್ಲಿ ಒಂದರಲ್ಲಿ ಪಠ್ಯದಲ್ಲಿಲ್ಲದ ಸುಪ್ರೀಂ ಕೋರ್ಟ್ ಮೊಕದ್ದಮೆ ಕೊಟ್ಟು, ಓದಿರುವ ಮೊಕದ್ದಮೆಯ ಜೊತೆ ಹೋಲಿಸಲು ಕೇಳುತ್ತಾರೆ. ಅದರ ಅಭ್ಯಾಸಕ್ಕೆ ನಾನು ನಮ್ಮ ದೇಶದ್ದೇ ಒಂದನ್ನು ಕೊಟ್ಟೆ. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋದ ಮಕ್ಕಳ ‘ಟಿಂಕರ್’ ತೀರ್ಪು (1969) ಅವಳಿಗೆ ಗೊತ್ತಿತ್ತು. ಪಕ್ಕದಲ್ಲಿ ಕೇರಳದ ‘ಬಿಜೋ ಇಮ್ಯಾನುಯೆಲ್’ (1986) ಇಟ್ಟೆವು. ರಾಷ್ಟ್ರಗೀತೆಗೆ ಎದ್ದು ನಿಂತರೂ ತಮ್ಮ ಧರ್ಮದ ನಂಬಿಕೆಯಿಂದ ಹಾಡದೆ ಇದ್ದ ಮೂವರು ಮಕ್ಕಳನ್ನು ಶಾಲೆ ಹೊರಹಾಕಿತ್ತು. ಸುಪ್ರೀಂ ಕೋರ್ಟ್ ವಾಪಸ್ ಸೇರಿಸಿಕೊಳ್ಳಿ ಅಂದಿತು. ಅಲ್ಲಿ ಮಕ್ಕಳು ಏನೋ ಹೇಳಿದರು, ಇಲ್ಲಿ ಸುಮ್ಮನಿದ್ದರು. ಸುಮ್ಮನಿರುವುದೂ ಹಕ್ಕೇ ಅಲ್ವಾ ಅಪ್ಪ ಅಂತ ಅವಳು ಕೇಳಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಪಟ್ಟಿ ಓದಿ ಬರುವ ಪ್ರಶ್ನೆಯಲ್ಲ ಅದು.

ಆನ್‌ಲೈನ್ ಅನ್ನುವುದರಲ್ಲಿ ಒಂದು ಕೊರತೆ ಇದೆ. ವಿಡಿಯೊ ನೋಡಬಹುದು, ಪ್ರಬಂಧ ಕಳಿಸಬಹುದು. ಆದರೆ ಎದುರಿಗೆ ಕೂತು ‘ನೀನು ಹೇಳಿದ್ದು ಸರಿಯಿಲ್ಲ’ ಅನ್ನುವ ಸಹಪಾಠಿ ಇಲ್ಲ. ಆ ಜಾಗವನ್ನು ಮನೆಯವರೇ ತುಂಬಬೇಕು. ನಮ್ಮಂಥ ಮನೆಗಳಲ್ಲಿ ಇದು ಸುಲಭವಲ್ಲ. ದೊಡ್ಡವರು ಒಂದು ಮಾತು ಹೇಳಿದ ಮೇಲೆ ಮುಗಿಯಿತು ಅಂತಲೇ ನಾವು ಬೆಳೆದವರು. ಈಗ ಊಟದ ಹೊತ್ತಿನಲ್ಲಿ ಅವಳು ವಾದಕ್ಕೆ ಆಧಾರ ಕೇಳುತ್ತಾಳೆ, ನಾವು ಕೊಡುತ್ತೇವೆ. ಇನ್ನೊಂದು ಮಾತು: ಪಾಠ ಮನೆಯಲ್ಲಾದರೂ ಪರೀಕ್ಷೆ ಮನೆಯಲ್ಲಿ ಬರೆಯುವಂತಿಲ್ಲ. ಹೊರಗಿನ ಮಕ್ಕಳನ್ನು ಕೂರಿಸಿಕೊಳ್ಳುವ ಶಾಲೆಯನ್ನು ಪೋಷಕರು ಶರತ್ಕಾಲದಲ್ಲೇ ಹುಡುಕಿಡಬೇಕು.

ಇಲ್ಲಿ ಎಲ್ಲವೂ ಚೆನ್ನಾಗಿದೆ ಅಂತ ಹೇಳುತ್ತಿಲ್ಲ. ಈ ಕೋರ್ಸಿನ ಕಣ್ಣೆಲ್ಲ ವಾಷಿಂಗ್ಟನ್ ಮೇಲೆ. ಊರಿನ ಆಡಳಿತದ ವಿಷಯ ತೀರಾ ಕಡಿಮೆ. ನಮ್ಮ ಮಕ್ಕಳು ಗ್ರಾಮ ಪಂಚಾಯಿತಿ, ಗ್ರಾಮಸಭೆ ಎಲ್ಲ ಓದುತ್ತಾರೆ, ಅದು ದೊಡ್ಡದು.

ಆದರೆ ಎಸ್.ಆರ್. ಬೊಮ್ಮಾಯಿ ಪ್ರಕರಣ ನೋಡಿ. 1989ರಲ್ಲಿ ನಮ್ಮದೇ ರಾಜ್ಯದ ಸರ್ಕಾರವನ್ನು ವಜಾ ಮಾಡಿದ್ದು. ಬಹುಮತ ಇದೆಯೋ ಇಲ್ಲವೋ ಅನ್ನುವುದು ವಿಧಾನಸಭೆಯಲ್ಲೇ ತೀರ್ಮಾನವಾಗಬೇಕು ಅಂತ 1994ರಲ್ಲಿ 9 ನ್ಯಾಯಮೂರ್ತಿಗಳ ಪೀಠ ಹೇಳಿತು. ಇಡೀ ದೇಶಕ್ಕೆ ದಾರಿ ತೋರಿಸಿದ ತೀರ್ಪು. ಧಾರವಾಡದಲ್ಲಿ ಪಿಯುಸಿ ಓದುತ್ತಿರುವ ನನ್ನ ಅಕ್ಕನ ಮಗಳಿಗೆ ಗೊತ್ತಿರುವುದು ಆ ಹೆಸರು, ಇಸವಿ ಅಷ್ಟೇ. ಆ ತೀರ್ಪಿನ ಎರಡು ಪುಟವನ್ನು ಕನ್ನಡದಲ್ಲಿ ಕೊಟ್ಟು, ನೀನು ಒಪ್ಪುತ್ತೀಯಾ, ಒಪ್ಪದವರಿಗೆ ಏನು ಹೇಳುತ್ತೀಯಾ ಅಂತ ಯಾಕೆ ಕೇಳಬಾರದು? ಇಂಥ ಉತ್ತರಕ್ಕೆ ಅಂಕ ಹಾಕುವುದು ಹೇಗೆ ಅಂತ ಮೇಷ್ಟ್ರುಗಳು ಕೇಳಬಹುದು. ಎಪಿಯಲ್ಲಿ ವಾದದ ಪ್ರಬಂಧಕ್ಕೆ 6 ಅಂಕ: ನಿಲುವಿಗೆ 1, ಆಧಾರಕ್ಕೆ 3, ತರ್ಕಕ್ಕೆ 1, ಎದುರು ವಾದಕ್ಕೆ ಕೊಟ್ಟ ಉತ್ತರಕ್ಕೆ 1. ನಮ್ಮ ಮೌಲ್ಯಮಾಪಕರಿಗೂ ಇದು ಖಂಡಿತ ಸಾಧ್ಯ.