ಸ್ಪಷ್ಟನೆ: ನಕಲು ತೆಗೆಯುವ ಕಾರ್ಬನ್ ಪೇಪರ್ ಎಲೆಕ್ಟ್ರೋಡ್ ಆಗದು

ವಿದ್ಯುದ್ರಸಾಯನದ ಪ್ರಯೋಗಗಳಿಗೆ ಬೇಕಾದ ದುಬಾರಿ ಕಾರ್ಬನ್ ಪೇಪರಿನ ಬದಲು ಅವೆನ್ಯೂ ರಸ್ತೆಯ ಅಂಗಡಿಗಳಲ್ಲಿ ಸಿಗುವ ಕಾರ್ಬನ್ ಪೇಪರನ್ನೇ ಎಲೆಕ್ಟ್ರೋಡ್ (ದ್ರಾವಣಕ್ಕೆ ವಿದ್ಯುತ್ ಹಾಯಿಸುವ ವಾಹಕ) ಆಗಿ ಬಳಸಬಹುದೆಂಬ ಸಂದೇಶವೊಂದು ಬೆಂಗಳೂರಿನ ಪಿಯು ವಿದ್ಯಾರ್ಥಿಗಳ ನಡುವೆ ಹರಿದಾಡುತ್ತಿದೆ. ಇದು ತಪ್ಪು, ಹೆಸರು ಒಂದೇ ಆದರೂ ವಸ್ತುಗಳು ಬೇರೆ.

ರಸೀದಿ ಪುಸ್ತಕದ ನಡುವೆ ಇಡುವ ಹಾಳೆಯೆಂದರೆ ತೆಳುಕಾಗದದ ಮೇಲೆ ಮೇಣ ಮತ್ತು ಬಣ್ಣ ಬೆರೆಸಿ ಬಳಿದ ಲೇಪವಷ್ಟೇ. ಎಸ್.ಪಿ. ರಸ್ತೆಯಲ್ಲಿ ಕೊಂಡ ಸಾಧಾರಣ ಮಲ್ಟಿಮೀಟರಿನ ಎರಡು ಮೊನೆಗಳನ್ನು ಅದರ ಮೇಲಿಟ್ಟು ನೋಡಿದರೆ ವಿದ್ಯುತ್ ಹರಿಯುತ್ತದೆಂದು ತಿಳಿಸುವ ಬೀಪ್ ಸದ್ದು ಬರುವುದಿಲ್ಲ, ಬೆರಳಿಗೆ ಮಸಿ ಹತ್ತುತ್ತದೆ.

ಪ್ರಯೋಗಾಲಯದ ಕಾರ್ಬನ್ ಪೇಪರಾದರೋ, ಸಾಮಾನ್ಯವಾಗಿ ಪಾಲಿಅಕ್ರಿಲೊನೈಟ್ರೈಲ್ ಎಂಬ ಕೃತಕ ನಾರಿನ ಎಳೆಗಳಿಂದ ಪಡೆದ ಇಂಗಾಲದ ನಾರುಗಳನ್ನು ರಾಳದಿಂದ ಬೆಸೆದು, 2000 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖದಲ್ಲಿ ಗ್ರಾಫೈಟಿನಂತಾಗಿಸಿದ, ವಿದ್ಯುತ್ ಹರಿಯಬಿಡುವ ಹಾಳೆ. ದಪ್ಪ ಹೆಚ್ಚೂಕಡಿಮೆ 0.2 ಮಿ.ಮೀ., ಮಡಿಚಿದರೆ ಹಪ್ಪಳದಂತೆ ಮುರಿಯುತ್ತದೆ.

ಅಸಲಿ ಹಾಳೆಯನ್ನೇ ತಂದವರೂ ಎಡವುವುದುಂಟು. ಇಂಧನಕೋಶಗಳಿಗೆಂದು (ಇಂಧನದಿಂದ ನೇರವಾಗಿ ವಿದ್ಯುತ್ ಪಡೆಯುವ ಸಾಧನಗಳು) ಟೆಫ್ಲಾನ್ ಸೇರಿಸಿದ ಬಗೆಯು ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲವಾದ್ದರಿಂದ, ನೀರಿನ ದ್ರಾವಣದಲ್ಲಿ ಮುಳುಗಿಸುವುದಿದ್ದರೆ ಟೆಫ್ಲಾನ್ ಇಲ್ಲದ್ದನ್ನೇ ಕೇಳಿ ಪಡೆದು, ಮೊದಲು ಎಥನಾಲಿನಲ್ಲಿ ತೋಯಿಸಿಕೊಳ್ಳುವುದು ಲೇಸು. ಹಾಗೆ ತೋಯ್ದ ಹಾಳೆಯಲ್ಲಿ ಇನ್ನೊಂದು ತೊಡಕಿದೆ: ಬತ್ತಿಯಲ್ಲಿ ಎಣ್ಣೆ ಏರುವಂತೆ ದ್ರಾವಣವು ನಾರುಗಳ ಸಂದಿಯಲ್ಲಿ ಮೇಲೇರಿ, ಹಾಳೆಗೆ ತಂತಿ ಜೋಡಿಸುವ ಮೊಸಳೆ ಕ್ಲಿಪ್ಪನ್ನು ಮುಟ್ಟಿದರೆ, ಕ್ಲಿಪ್ಪಿನ ಲೋಹ ಕರಗುವ ಪ್ರವಾಹವೂ ಅಳತೆಯಲ್ಲಿ ಸೇರಿಕೊಳ್ಳುತ್ತದೆ. ಹಾಳೆಯ ಮೇಲ್ಭಾಗಕ್ಕೆ ಎಪಾಕ್ಸಿ ಅಂಟು ಬಳಿದು ಇದನ್ನು ತಡೆಯಬಹುದು.

ವಿದ್ಯಾರ್ಥಿಗಳ ವಿಜ್ಞಾನ ಪ್ರದರ್ಶನಕ್ಕಾದರೆ ಇಷ್ಟೆಲ್ಲ ಬೇಡ, ಎರಡೂ ತುದಿ ಕೆತ್ತಿದ ಪೆನ್ಸಿಲ್ ಸಾಕು, ಅದರ ಗ್ರಾಫೈಟ್ ಕಡ್ಡಿಯೇ ಎಲೆಕ್ಟ್ರೋಡ್ ಆಗುತ್ತದೆ.