ಕಸದ ಗುಡ್ಡಕ್ಕೆ ಸೋಲಾರ್ ಹಾಕಿ, ಆದರೆ ಮೊದಲು ಬುಡ ನೋಡಿ

ನಮ್ಮ ಚಿಕ್ಕಮ್ಮನ ಮನೆ ಮಂಡೂರು ಕಡೆ. ಬೆಂಗಳೂರಿನ ಕಸ ಅಲ್ಲಿಗೆ ಹೋಗುತ್ತಿದ್ದ ಕಾಲದಲ್ಲಿ, ಅವರ ಮನೆಯಲ್ಲಿ ಊಟಕ್ಕೆ ಕೂತರೆ ಒಂದು ಕೈ ತಟ್ಟೆಯ ಮೇಲೆ ಆಡುತ್ತಲೇ ಇರಬೇಕಿತ್ತು. ಅಷ್ಟು ನೊಣ. ಊರಿನವರು ರಸ್ತೆಗೆ ಇಳಿದು ಹೋರಾಡಿದರು, 2014ರ ಕೊನೆಗೆ ಲಾರಿಗಳು ನಿಂತವು. ಆದರೆ ಸುರಿದ ಕಸ ಲಾರಿ ಜೊತೆ ವಾಪಸ್ ಹೋಗಲ್ಲ ಅಲ್ವಾ?

ಹೋದ ವರ್ಷ ಮಗಳ ಮನೆಗೆಂದು ಜರ್ಮನಿಯ ಹ್ಯಾಂಬರ್ಗ್‌ಗೆ ಹೋಗಿದ್ದಾಗ ಗಿಯೋರ್ಗ್ಸ್‌ವೆರ್ಡರ್ ಗುಡ್ಡ ನೋಡಿದೆ. ಸುಮಾರು 40 ಮೀಟರ್ ಎತ್ತರ, ಮೈತುಂಬ ಹುಲ್ಲು. ದಕ್ಷಿಣದ ಇಳಿಜಾರಿನಲ್ಲಿ ಸಾಲು ಸಾಲು ಸೋಲಾರ್ ಪ್ಯಾನೆಲ್, ಮೇಲೆ ಗಾಳಿಯಂತ್ರ. ಅದು ಕಸದ ಗುಡ್ಡ ಅಂತ ಯಾರಾದರೂ ಹೇಳದಿದ್ದರೆ ಗೊತ್ತಾಗುವುದೇ ಇಲ್ಲ.

ಎರಡನೇ ಮಹಾಯುದ್ಧದಲ್ಲಿ ಬಿದ್ದ ಮನೆಗಳ ಕಲ್ಲುಮಣ್ಣನ್ನು 1948ರಿಂದ ಅಲ್ಲಿ ಸುರಿದರು. ಆಮೇಲೆ ಮನೆಗಳ ಕಸ, ಅದರ ಮೇಲೆ ಕಾರ್ಖಾನೆಗಳ ವಿಷ. 1979ರಲ್ಲಿ ಮುಚ್ಚಿದರು. ನಾಲ್ಕು ವರ್ಷ ಬಿಟ್ಟು, 1983ರಲ್ಲಿ, ಬುಡದಿಂದ ಜಿನುಗುವ ನೀರಿನಲ್ಲಿ ಡಯಾಕ್ಸಿನ್ ಅನ್ನುವ ಕಡು ವಿಷ ಸಿಕ್ಕಿತು. ಆಗ ಪೂರ್ತಿ ಗುಡ್ಡಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ, ಮೇಲೆ ಮಣ್ಣು ಹಾಕಿದರು. ಒಳಗಿನ ಗ್ಯಾಸನ್ನು ಪೈಪಿನಲ್ಲಿ ಪಕ್ಕದ ತಾಮ್ರದ ಕಾರ್ಖಾನೆಗೆ ಕೊಟ್ಟರು. ಕೊಳೆ ನೀರನ್ನು ಹಿಡಿದು ಶುದ್ಧ ಮಾಡುವ ಕೆಲಸ ಇವತ್ತಿಗೂ ನಡೆಯುತ್ತಿದೆ. ಇಷ್ಟೆಲ್ಲ ಆದ ಮೇಲೆ ನಗರದ್ದೇ ವಿದ್ಯುತ್ ಸಂಸ್ಥೆ ಪ್ಯಾನೆಲ್ ಹಾಕಿತು. ಗಾಳಿ, ಬಿಸಿಲು ಎರಡೂ ಸೇರಿ ಸುಮಾರು 4,000 ಮನೆಗೆ ಸಾಲುವಷ್ಟು ಕರೆಂಟು. ಅದರಲ್ಲಿ ಗಾಳಿಯ ಪಾಲೇ ಜಾಸ್ತಿ.

ಇಂಥ ಜಾಗಕ್ಕೆ ಸೋಲಾರ್ ಒಪ್ಪುತ್ತದೆ, ನಿಜ. ಕಸ ಕೊಳೆಯುತ್ತಾ ನೆಲ ಕುಸಿಯುತ್ತಲೇ ಇರುತ್ತದೆ, ಬೆಂಕಿ ಹೊತ್ತುವ ಮೀಥೇನ್ ಗ್ಯಾಸ್ ಏಳುತ್ತದೆ, ಹಾಗಾಗಿ ಮನೆ ಕಟ್ಟುವ ಹಾಗಿಲ್ಲ. ಪ್ಯಾನೆಲ್ ಹಗುರ. ಹೊದಿಕೆಗೆ ತೂತು ಬೀಳಬಾರದು ಅಂತ ಕಂಬ ಹೂಳದೆ, ಕಾಂಕ್ರೀಟ್ ದಿಮ್ಮಿಗಳ ಭಾರದ ಮೇಲೇ ಚೌಕಟ್ಟು ನಿಲ್ಲಿಸುತ್ತಾರೆ. ವೈರನ್ನೂ ನೆಲದ ಮೇಲೆಯೇ ಎಳೆಯುತ್ತಾರೆ. ರೈತರ ಜಮೀನು ಉಳಿಯುತ್ತದೆ. ಪಾವಗಡದಲ್ಲಿ ಸೋಲಾರ್‌ಗೆ ಎಷ್ಟು ಸಾವಿರ ಎಕರೆ ಹೋಯಿತು ಅಂತ ನಮಗೆ ಗೊತ್ತೇ ಇದೆ.

ಆದರೆ ಸುಮ್ನೆ ಕಸದ ಮೇಲೆ ನಾಲ್ಕು ಬುಟ್ಟಿ ಮಣ್ಣು ಚೆಲ್ಲಿ, ಪ್ಯಾನೆಲ್ ನಿಲ್ಲಿಸಿ, ರಿಬ್ಬನ್ ಕತ್ತರಿಸಿದರೆ ನಾನು ಒಪ್ಪಲ್ಲ. ಕೆಳಗಿನ ನೀರು ಹಾಗೇ ಹರಿಯುತ್ತಿರುತ್ತದೆ. ಹೊಳೆಯುವ ಪ್ಯಾನೆಲ್ ಕಂಡ ಮೇಲೆ ಅದನ್ನು ಕೇಳುವವರೂ ಇರಲ್ಲ. ಯಾವ ಪಾಲಿಕೆಯೇ ಆಗಲಿ, ಮೊದಲು ಸುತ್ತಲಿನ ಬೋರ್‌ವೆಲ್ ನೀರು ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಪಂಚಾಯಿತಿ ಕಟ್ಟೆಯ ಮೇಲೆ ಅಂಟಿಸಲಿ. ಪ್ರತಿ ವರ್ಷ ಅಂಟಿಸಲಿ. ಕರೆಂಟು ಬಂದಾಗ ಮೊದಲ ಪಾಲು ಆ ವಾಸನೆ ಕುಡಿದ ಊರುಗಳಿಗೆ ಸಿಗಲಿ: ಅವರ ಶಾಲೆಗೆ, ಬೀದಿ ದೀಪಕ್ಕೆ, ನೀರಿನ ಪಂಪಿಗೆ.

ಹ್ಯಾಂಬರ್ಗ್‌ನ ಫೋಟೋ ತೋರಿಸಿದಾಗ ಚಿಕ್ಕಮ್ಮ ಪ್ಯಾನೆಲ್ ಕಡೆ ನೋಡಲೇ ಇಲ್ಲ. "ಅಲ್ಲಿಯ ಜನ ಬಾವಿ ನೀರು ಕುಡೀತಾರೇನೇ?" ಅಂತ ಕೇಳಿದರು.